ಪಟ್ಟಿಯಲ್ಲಿಲ್ಲದ ಪಾಪ

ಕನ್ನಡದಲ್ಲಿ ‘ಪಾಪ’ ಎಂದರೆ ಕನಿಕರವೂ ಹೌದು ಎನ್ನುವುದು ನನಗೆ ಶಾಲೆಗೆ ಸೇರಿದ ಮೇಲೆಯೇ ಗೊತ್ತಾದದ್ದು. ನಮ್ಮ ಮನೆಮಾತು ಕೊಂಕಣಿ. ಮಂಗಳೂರು ಕಡೆಯ ಕಥೊಲಿಕರು ಪಾಪಕ್ಕೆ ‘ಪಾತಕ್’ ಎನ್ನುತ್ತಾರೆ. ಅದು ಕಲ್ಲಿನಂಥ ಶಬ್ದ. ಪಾತಕ್ ಮಾಡಿದವನನ್ನು ನೆನೆದು ಯಾರೂ ಲೊಚಗುಟ್ಟುವುದಿಲ್ಲ. ಒಂದನೇ ಕ್ಲಾಸಿನಲ್ಲಿ ಜ್ವರ ಬಂದು ಮನೆಯಲ್ಲುಳಿದ ಹುಡುಗನೊಬ್ಬನ ಬಗ್ಗೆ ಟೀಚರು ‘ಅಯ್ಯೋ ಪಾಪ’ ಅಂದಾಗ, ಅವನು ಅಂಥದ್ದೇನು ಮಾಡಿದ ಎಂದು ನಾನು ಪಕ್ಕದಲ್ಲಿ ಕೂತವಳನ್ನು ಕೇಳಿದ್ದೆ. ಆಮೇಲೆ ಘಟ್ಟದ ಮೇಲಿನಿಂದ ಬಂದ ಕುಟುಂಬವೊಂದು ನೆರೆಮನೆಗೆ ಬಂತು. ಅವರು ತಮ್ಮ ಎಳೆಗೂಸನ್ನು ‘ಪಾಪು’ ಎಂದು ಕರೆಯುತ್ತಿದ್ದರು. ತಪ್ಪು, ಕನಿಕರ, ಹಸುಗೂಸು, ಮೂರಕ್ಕೂ ಹೆಚ್ಚುಕಡಿಮೆ ಒಂದೇ ಸದ್ದು. ಭಾಷಾಶಾಸ್ತ್ರದವರು ಇವಕ್ಕೆ ಬೇರೆ ಬೇರೆ ಬೇರು ತೋರಿಸಬಹುದು, ತೋರಿಸಲಿ. ಬಳಸುವ ನಾಲಿಗೆಗೆ ಅವು ಒಟ್ಟಿಗೇ ಸಿಗುತ್ತವೆ.

ನಾನೀಗ ಡಿಗ್ರಿ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಸ್ಟಾಫ್ ರೂಮಿನಲ್ಲಿ ಚಹಾದ ಹೊತ್ತಿಗೆ ಧರ್ಮದ ಮಾತು ಬಂದರೆ ಯಾರಾದರೊಬ್ಬರು ನನ್ನ ಕಡೆ ತಿರುಗಿ, ‘ನಿಮ್ಮದೆಲ್ಲ ಸರಿ ಮಾರಾಯ್ರೆ, ಹುಟ್ಟಿದ ಮಗುವೂ ಪಾಪಿ ಅನ್ನುತ್ತೀರಲ್ಲ, ಅದೊಂದು ನಮಗೆ ಆಗುವುದಿಲ್ಲ’ ಎನ್ನುತ್ತಾರೆ. ಅವರ ಆಕ್ಷೇಪ ನನಗೆ ಅರ್ಥವಾಗುತ್ತದೆ. ಕರ್ಮದ ಲೆಕ್ಕದಲ್ಲಿ ಮಾಡಿದವನು ಉಣ್ಣುತ್ತಾನೆ. ಮಾಡದವನ ತಲೆಗೆ ಕಟ್ಟುವುದು ಯಾವ ನ್ಯಾಯ? ನಾನು ಸಾಮಾನ್ಯವಾಗಿ ನಕ್ಕು ಸುಮ್ಮನಾಗುತ್ತೇನೆ. ಸರಿಯಾಗಿ ಉತ್ತರಿಸಬೇಕೆಂದರೆ ಚಹಾ ಆರುತ್ತದೆ.

ಉತ್ತರ ಕೊಡುವುದಿದ್ದರೆ ನಮ್ಮ ವಿದ್ಯಾರ್ಥಿಗಳಿಗೆ ಪರಿಚಯವಿರುವ ಶಬ್ದದಿಂದಲೇ ತೊಡಗಬಹುದು. ದುರಂತ ನಾಟಕದ ಪಾಠದಲ್ಲಿ ಅರಿಸ್ಟಾಟಲ್ ಹೇಳುವ ‘ಹಮಾರ್ಷಿಯಾ’ವನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ, ಪರೀಕ್ಷೆಗೆ ಐದು ಅಂಕದ ಪ್ರಶ್ನೆ. ಗ್ರೀಕ್ ಭಾಷೆಯಲ್ಲಿರುವ ಹೊಸ ಒಡಂಬಡಿಕೆ ಪಾಪಕ್ಕೆ ಬಳಸುವುದೂ ಇದೇ ಶಬ್ದವನ್ನು. ಬಿಟ್ಟ ಬಾಣ ಗುರಿ ತಪ್ಪುವುದು ಅದರ ಹಳೆಯ ಅರ್ಥ. ಈಡಿಪಸ್ ದೊರೆ ಊರಿಗೆ ಬಂದ ಪಿಡುಗಿನ ಕಾರಣ ಹುಡುಕಲು ಹೊರಡುತ್ತಾನೆ. ಅಪರಾಧಿ ಯಾರು ಎಂದು ಎಲ್ಲರನ್ನೂ ಗದರಿಸುತ್ತಾನೆ. ಹುಡುಕುವ ಕಣ್ಣಿಗೆ ತಾನೊಬ್ಬ ಬಿಟ್ಟು ಉಳಿದವರೆಲ್ಲ ಕಾಣುತ್ತಾರೆ. ಸೊಫೊಕ್ಲಿಸ್‌ನಿಗೂ ಸಂತ ಪೌಲನಿಗೂ ನಡುವೆ ನಾನೂರಕ್ಕೂ ಹೆಚ್ಚು ವರ್ಷಗಳಿವೆ. ನಾಟಕದ ಆ ಶಬ್ದ ಧರ್ಮಗ್ರಂಥಕ್ಕೆ ಬರುವಾಗ ಅರ್ಥ ಬದಲಾಯಿತು, ನಿಜ. ಆದರೆ ತನ್ನ ತಪ್ಪು ತನಗೆ ಕಾಣದಿರುವುದು ಎಂಬ ಭಾಗ ಅದಕ್ಕೆ ಅಂಟಿಕೊಂಡೇ ಬಂದಿದೆ ಅಂತ ನನ್ನ ಅನಿಸಿಕೆ.

ಕ್ರಿ.ಶ. 354ರಲ್ಲಿ ಈಗಿನ ಅಲ್ಜೀರಿಯಾದ ತಗಾಸ್ಟೆ ಎಂಬ ಊರಲ್ಲಿ ಹುಟ್ಟಿದ ಅಗಸ್ಟೀನ್, ‘ಕನ್ಫೆಶನ್ಸ್’ ಎಂಬ ತನ್ನ ಆತ್ಮಕಥೆಯ ಎರಡನೆಯ ಭಾಗದಲ್ಲಿ ಒಂದು ಪುಟ್ಟ ಕಳ್ಳತನದ ಬಗ್ಗೆ ಪುಟಗಟ್ಟಲೆ ಬರೆಯುತ್ತಾನೆ. ಹುಡುಗರ ಗುಂಪು ರಾತ್ರಿ ಹೋಗಿ ಯಾರದೋ ಮರದ ಪೇರ್ ಹಣ್ಣು ಕೀಳುತ್ತದೆ. ಹಸಿವಿಲ್ಲ. ಮನೆಯಲ್ಲಿ ಇದಕ್ಕಿಂತ ಒಳ್ಳೆಯ ಹಣ್ಣಿದೆ. ಕಿತ್ತದ್ದರಲ್ಲಿ ಹೆಚ್ಚಿನದನ್ನು ಹಂದಿಗೆ ಎಸೆಯುತ್ತಾರೆ. ಇಷ್ಟಕ್ಕೆ ಇಷ್ಟೊಂದು ಗೋಳಾಟ ಯಾಕೆ ಎಂದು ಮೊದಲ ಸಲ ಓದಿದವರಿಗೆ ಅನಿಸುತ್ತದೆ. ಹಸಿವಿನಿಂದ ಕದ್ದಿದ್ದರೆ ಅವನಿಗೇ ಅರ್ಥವಾಗುತ್ತಿತ್ತು. ಏನೂ ಬೇಡದೆ, ಕೆಟ್ಟದ್ದು ಎಂಬ ರುಚಿಗಾಗಿಯೇ ಕದ್ದೆನಲ್ಲ, ಇದು ಎಲ್ಲಿಂದ ಬಂತು ಎಂದು ಅವನಿಗೆ ದಿಗಿಲು. ಲೂಥರ್ ಇದನ್ನೇ ಮುಂದೆ ಒಂದು ಚಿತ್ರವಾಗಿ ಮಾಡಿದ: ಮನುಷ್ಯ ತನ್ನೊಳಗೇ ಬಾಗಿಕೊಂಡಿದ್ದಾನೆ. ಬಾಗಿದವನಿಗೆ ಕಾಣುವುದು ಅವನ ಹೊಕ್ಕುಳು ಮಾತ್ರ. ಮಗು ಪಾಪಿ ಎಂದರೆ ಮಗು ಏನೋ ಮಾಡಿಬಿಟ್ಟಿದೆ ಎಂದಲ್ಲ, ಈ ಬಾಗು ನಮ್ಮೆಲ್ಲರ ಜೊತೆಗೇ ಹುಟ್ಟುತ್ತದೆ ಎಂದು. ಬಾಗಿದ್ದು ತನ್ನನ್ನು ತಾನೇ ನೆಟ್ಟಗೆ ಮಾಡಿಕೊಳ್ಳಲಾರದು, ಅದನ್ನು ಎತ್ತುವ ಕೈ ಹೊರಗಿನಿಂದ ಬರಬೇಕು. ಅದಕ್ಕೆ ಕೃಪೆ ಎಂದು ಹೆಸರು.

ಒಪ್ಪುವುದು ಬಿಡುವುದು ಬೇರೆ ಮಾತು. ಆದರೆ ನಮ್ಮ ಬಾಲ್ಯದಲ್ಲಿ ಇದು ಹೀಗೆ ಬರಲಿಲ್ಲ, ಒಂದು ಪಟ್ಟಿಯಾಗಿ ಬಂತು. ಮೊದಲ ಪರಮಪ್ರಸಾದ ತೆಗೆದುಕೊಳ್ಳುವ ಮೊದಲು ಎಂಟು-ಒಂಬತ್ತು ವರ್ಷದ ಮಕ್ಕಳನ್ನು ಕುಮ್ಸಾರಿಗೆ ಸಿದ್ಧ ಮಾಡುತ್ತಾರೆ. ಕುಮ್ಸಾರ್ ಎಂದರೆ ಪಾಪನಿವೇದನೆ. ಜಾಲರಿಯ ಆಚೆ ಪಾದ್ರಿಗಳು ಕಿವಿಗೊಟ್ಟು ಕೂತಿರುತ್ತಾರೆ. ಈಚೆ ಮಂಡಿಯೂರಿ ಹೇಳಬೇಕು. ಏನು ಹೇಳುವುದು? ಸುಳ್ಳು ಹೇಳಿದೆ, ಅಮ್ಮನಿಗೆ ಎದುರುತ್ತರ ಕೊಟ್ಟೆ, ಡಬ್ಬಿಯಿಂದ ಬೆಲ್ಲ ಕದ್ದೆ, ಪ್ರಾರ್ಥನೆಯಲ್ಲಿ ತೂಕಡಿಸಿದೆ. ನಾವು ಗೆಳತಿಯರು ಗೆಳೆಯರು ಸಾಲಿನಲ್ಲಿ ನಿಂತು ಒಬ್ಬರ ಪಟ್ಟಿಯನ್ನು ಇನ್ನೊಬ್ಬರು ಕೇಳಿಕೊಂಡು ತಿದ್ದುತ್ತಿದ್ದೆವು. ಪಾಪ ಕಡಿಮೆ ಬಿದ್ದವರು ಸಾಲ ತೆಗೆದುಕೊಂಡದ್ದೂ ಉಂಟು. ಹೊರಗೆ ಬಂದಾಗ ಆಗುತ್ತಿದ್ದ ಹಗುರ ಮಾತ್ರ ಸುಳ್ಳಲ್ಲ. ಮಳೆ ಬಂದು ನಿಂತ ಮೇಲೆ ಅಂಗಳ ಇರುತ್ತದಲ್ಲ, ಹಾಗೆ.

ಅದೇ ವಯಸ್ಸಿನಲ್ಲಿ ತಪಸ್ಸುಕಾಲದ ಒಂದು ಪ್ರವಚನದಲ್ಲಿ ಜಾನ್ ನ್ಯೂಟನ್‌ನ ಕಥೆ ಕೇಳಿದೆ. ಸೇಬಿನ ನ್ಯೂಟನ್ ಅಲ್ಲ, ‘ಅಮೇಜಿಂಗ್ ಗ್ರೇಸ್’ ಎಂಬ ಹಾಡು ಬರೆದವನು. ಪ್ರವಚನಕಾರರು ಹೇಳಿದ ಕಥೆ ಹೀಗಿತ್ತು: ಅವನೊಬ್ಬ ಕ್ರೂರಿ, ಗುಲಾಮರನ್ನು ಸಾಗಿಸುವ ಹಡಗಿನ ಕಪ್ತಾನ. ನಡುಸಮುದ್ರದಲ್ಲಿ ಬಿರುಗಾಳಿ ಎದ್ದಿತು. ಹಡಗು ಮುಳುಗುವ ಹೊತ್ತಿಗೆ ಅವನು ಮೊಣಕಾಲೂರಿ ದೇವರನ್ನು ಕರೆದ. ಗಾಳಿ ನಿಂತಿತು. ಅವನು ಹಡಗನ್ನು ಹಿಂದಕ್ಕೆ ತಿರುಗಿಸಿ ಗುಲಾಮರನ್ನೆಲ್ಲ ಬಿಡುಗಡೆ ಮಾಡಿ ಹಾಡು ಬರೆದ. ನಾವು ಮಕ್ಕಳೆಲ್ಲ ಬಾಯಿ ತೆರೆದು ಕೇಳಿದ್ದೆವು. ಈ ಕಥೆಯನ್ನು ನಾನು ಆಮೇಲೆಯೂ ಹಲವು ಬಾಯಲ್ಲಿ ಕೇಳಿದ್ದೇನೆ, ಒಂದೊಂದು ಸಲ ಅಲೆ ಇನ್ನಷ್ಟು ಎತ್ತರವಾಗಿರುತ್ತದೆ.

ಎಂ.ಎ.ಯಲ್ಲಿ ಹದಿನೆಂಟನೆಯ ಶತಮಾನದ ಕವಿ ವಿಲಿಯಂ ಕೂಪರನನ್ನು ಓದುವಾಗ ನ್ಯೂಟನ್ ಮತ್ತೆ ಸಿಕ್ಕಿದ. ಇಬ್ಬರೂ ಓಲ್ನಿ ಎಂಬ ಸಣ್ಣ ಊರಲ್ಲಿ ನೆರೆಹೊರೆಯವರಾಗಿದ್ದವರು, 1779ರಲ್ಲಿ ಬಂದ ‘ಓಲ್ನಿ ಹಿಮ್ಸ್’ ಇಬ್ಬರ ಹಾಡುಗಳ ಸಂಗ್ರಹ. ಕೂಪರನಿಗಾಗಿ ಹೋದ ನಾನು ನ್ಯೂಟನ್‌ನ ವರ್ಷಗಳನ್ನು ಒಂದರ ಕೆಳಗೆ ಒಂದು ಬರೆದು ನೋಡಿದೆ. ಕಥೆ ಬಿಚ್ಚಿಕೊಂಡಿತು.

ಅವನು ಹುಟ್ಟಿದ್ದು 1725ರಲ್ಲಿ, ಲಂಡನ್ನಿನ ಹಡಗುಕಟ್ಟೆಯ ಪಕ್ಕ. ಅಪ್ಪ ವ್ಯಾಪಾರದ ಹಡಗಿನ ನಾವಿಕ. ಪ್ರಾರ್ಥನೆ ಕಲಿಸುತ್ತಿದ್ದ ತಾಯಿ ಅವನಿಗೆ ಏಳು ತುಂಬುವ ಮೊದಲೇ ಕ್ಷಯದಿಂದ ತೀರಿಕೊಂಡಳು. ಹರೆಯದಲ್ಲಿ ಅವನನ್ನು ಹಿಡಿದು ಬಲವಂತವಾಗಿ ನೌಕಾಪಡೆಗೆ ಸೇರಿಸಿದರು, ತಪ್ಪಿಸಿಕೊಂಡು ಓಡಿ ಸಿಕ್ಕಿಬಿದ್ದು ಛಡಿಯೇಟು ತಿಂದ. ಪಶ್ಚಿಮ ಆಫ್ರಿಕಾದ ಕರಾವಳಿಯಲ್ಲಿ ಗುಲಾಮರ ವ್ಯಾಪಾರಿಯೊಬ್ಬನ ಬಳಿ ತಾನೇ ಆಳಿಗಿಂತ ಕಡೆಯಾಗಿ ಬದುಕಿದ. ಆಗಲೂ ಅವನ ಹತ್ತಿರ ಯೂಕ್ಲಿಡ್‌ನ ರೇಖಾಗಣಿತದ ಪುಸ್ತಕವೊಂದಿತ್ತು. ಮರಳಿನ ಮೇಲೆ ಕೋಲಿನಿಂದ ತ್ರಿಕೋನಗಳನ್ನು ಎಳೆದು ಕಲಿಯುತ್ತಿದ್ದನಂತೆ. ಈ ಚಿತ್ರ ನನಗೆ ಇಷ್ಟ. ಅದೊಂದನ್ನು ನೋಡಿ ಅವನನ್ನು ಮೆಚ್ಚಿಬಿಡುವ ಅಪಾಯವೂ ಇದೆ.

ಬಿರುಗಾಳಿ ಬಂದದ್ದು 1748ರ ಮಾರ್ಚ್‌ನಲ್ಲಿ. ಹಡಗಿನ ಹೆಸರು ‘ಗ್ರೇಹೌಂಡ್’. ಅದರಲ್ಲಿ ನ್ಯೂಟನ್ ಕಪ್ತಾನನಾಗಿರಲಿಲ್ಲ, ಊರಿಗೆ ಮರಳುತ್ತಿದ್ದ ಪ್ರಯಾಣಿಕ. ಅದರಲ್ಲಿ ಗುಲಾಮರೂ ಇರಲಿಲ್ಲ. ದಂತ, ಚಿನ್ನ, ಬಣ್ಣಕ್ಕೆ ಬಳಸುವ ಮರ, ಜೇನುಮೇಣ ಇದ್ದವು. ಮೇಣವೂ ಮರವೂ ನೀರಿಗಿಂತ ಹಗುರ, ಹಡಗು ತೇಲಿ ಉಳಿದದ್ದಕ್ಕೆ ಅದೂ ಒಂದು ಕಾರಣ. ಮೇಲಟ್ಟಕ್ಕೆ ಹೋಗಬೇಕಿದ್ದ ಅವನ ಬದಲು ಹೋದ ಇನ್ನೊಬ್ಬನನ್ನು ಅಲೆ ಎಳೆದುಕೊಂಡು ಹೋಯಿತು. ಗಂಟೆಗಟ್ಟಲೆ ಪಂಪು ಒತ್ತಿ ಸೋತಾಗ ದೇವರು ಕರುಣೆ ತೋರಲಿ ಎಂಬ ಮಾತು ತನ್ನ ಬಾಯಿಂದ ಬಂದದ್ದನ್ನು ಕೇಳಿ ಅವನೇ ಬೆಚ್ಚಿದ. ಮಾರ್ಚ್ 21ನ್ನು ಅವನು ಜೀವನದುದ್ದಕ್ಕೂ ಆಚರಿಸಿದ.

ಅದೇ ವರ್ಷ ಅವನು ಗುಲಾಮರ ಹಡಗೊಂದರಲ್ಲಿ ಮೊದಲ ಮೇಟ್ ಆಗಿ ಆಫ್ರಿಕಾಕ್ಕೆ ಹೊರಟ. ಹೌದು, ಪರಿವರ್ತನೆಯಾದ ಮೇಲೆ. 1750ರಿಂದ 1754ರವರೆಗೆ ಕಪ್ತಾನನಾಗಿ ಮೂರು ಯಾನ ಮಾಡಿದ. ಆ ಯಾನಗಳ ದಿನಚರಿ ಉಳಿದಿದೆ. ಕೊಂಡ ಮನುಷ್ಯರಿಗೆ ಅದರಲ್ಲಿ ಹೆಸರಿಲ್ಲ, ಸಂಖ್ಯೆಗಳಿವೆ. ಸತ್ತಾಗ ಆ ಸಂಖ್ಯೆಯನ್ನೇ ಬರೆದು ಸಮುದ್ರಕ್ಕೆ ಹಾಕಿದ್ದನ್ನು ದಾಖಲಿಸುತ್ತಾನೆ. ಭಾನುವಾರ ಎರಡು ಹೊತ್ತು ನಾವಿಕರನ್ನು ಸೇರಿಸಿ ಪ್ರಾರ್ಥನೆ ನಡೆಸುತ್ತಿದ್ದ. ಆ ಯಾನಗಳಲ್ಲಿ ದೇವರ ಜೊತೆ ಕಳೆದ ಗಳಿಗೆಗಳಷ್ಟು ಸಿಹಿಯಾದವು ತನಗೆ ಬೇರೆ ಸಿಗಲಿಲ್ಲ ಎಂಬರ್ಥದ ಮಾತನ್ನು ಮುಂದೆ ಬರೆದ. ಕೆಳಗೆ, ಅದೇ ಹಲಗೆಯ ಕೆಳಗೆ, ಸಂಕೋಲೆಯಲ್ಲಿ ಜನ ಇದ್ದರು.

1752ರ ಡಿಸೆಂಬರಿನ ಒಂದು ನಮೂದಿನ ಹತ್ತಿರ ನಾನು ತುಂಬ ದಿನ ನಿಂತಿದ್ದೆ. ಗುಲಾಮರು ದಂಗೆಗೆ ತಯಾರಾಗುತ್ತಿದ್ದಾರೆ ಎಂಬ ಸುಳಿವು ಸಿಗುತ್ತದೆ. ಅವರಿಗೆ ಚೂಪು ವಸ್ತುಗಳನ್ನು ತಂದುಕೊಟ್ಟವರು ಹುಡುಗರು ಎಂಬ ಅನುಮಾನ. ಅವರನ್ನು ಕಟ್ಟಿಹಾಕಿ, ಹೆಬ್ಬೆರಳು ಹಿಂಡುವ ತಿರುಪಿಗೆ ಸಿಕ್ಕಿಸಿ, ತಪ್ಪೊಪ್ಪಿಗೆ ಪಡೆಯಲು ಸ್ವಲ್ಪ ಬಿಗಿಸಿದ್ದಾಗಿ ಬರೆಯುತ್ತಾನೆ. ತಪ್ಪೊಪ್ಪಿಗೆಗೆ ಅವನು ಬಳಸಿದ ಇಂಗ್ಲಿಷ್ ಶಬ್ದ ‘ಕನ್ಫೆಶನ್’. ಅಗಸ್ಟೀನನ ಪುಸ್ತಕದ ಹೆಸರೂ ಅದೇ. ಜಾಲರಿಯ ಮುಂದೆ ಬೆಲ್ಲದ ಡಬ್ಬಿಯ ಕಥೆ ಹೇಳುತ್ತ ನಾವು ಮಾಡುತ್ತಿದ್ದದ್ದೂ ಅದೇ. ಪಾಪಿಯೊಬ್ಬ ಮಕ್ಕಳ ಬೆರಳು ಹಿಂಡಿ ಅವರಿಂದ ಪಾಪನಿವೇದನೆ ಮಾಡಿಸಿಕೊಂಡ. ಆ ದಿನಗಳಲ್ಲಿ ಅವನು ತನ್ನ ಪಾಪಗಳ ಬಗ್ಗೆ ತೀವ್ರವಾಗಿ ಪರಿತಪಿಸುತ್ತಲೇ ಇದ್ದ: ಹಿಂದೆ ಆಡಿದ ದೇವದೂಷಣೆ, ಕೆಟ್ಟ ಬೈಗುಳ, ಕಾಮ, ಪ್ರಾರ್ಥನೆಯಲ್ಲಿ ಉದಾಸೀನ. ಅವನ ಹತ್ತಿರವೂ ಒಂದು ಪಟ್ಟಿ ಇತ್ತು.

ಸಮುದ್ರಯಾನ ಬಿಟ್ಟದ್ದು 1754ರಲ್ಲಿ, ಅದೂ ಪಶ್ಚಾತ್ತಾಪದಿಂದಲ್ಲ, ಇದ್ದಕ್ಕಿದ್ದಂತೆ ಬಂದ ಮೂರ್ಛೆಯಿಂದ. 1764ರಲ್ಲಿ ಪಾದ್ರಿಯಾದ. ಆ ಹಾಡು 1773ರ ಹೊಸವರ್ಷದ ದಿನದ ಪ್ರವಚನಕ್ಕಾಗಿ ಬರೆದದ್ದು. ಈಗ ಎಲ್ಲರೂ ಹಾಡುವ ರಾಗ ಅದಕ್ಕೆ ಸೇರಿದ್ದು ಅಮೆರಿಕದಲ್ಲಿ, 1835ರಲ್ಲಿ. ಗುಲಾಮಗಿರಿಯ ವಿರುದ್ಧ ಅವನು ಬಹಿರಂಗವಾಗಿ ಬರೆದದ್ದು 1788ರಲ್ಲಿ. ಬಿರುಗಾಳಿಯಿಂದ ಲೆಕ್ಕ ಹಾಕಿದರೆ ನಲವತ್ತು ವರ್ಷ.

ಇಲ್ಲಿ ಇಬ್ಬರು ಓದುಗರು ಏಳುತ್ತಾರೆ. ಒಬ್ಬರು ‘ನೋಡಿದಿರಾ, ಎಲ್ಲ ಬೂಟಾಟಿಕೆ’ ಎನ್ನುತ್ತಾರೆ. ಇನ್ನೊಬ್ಬರು ‘ಆಗಿನ ಕಾಲವೇ ಹಾಗಿತ್ತು, ಅವನೇನು ಮಾಡಿಯಾನು’ ಎನ್ನುತ್ತಾರೆ. ಎರಡೂ ನನಗೆ ಒಪ್ಪಿಗೆಯಿಲ್ಲ. ಬೂಟಾಟಿಕೆಯವನಿಗೆ ತಾನು ಮರೆಸುವುದೇನು ಎಂದು ಗೊತ್ತಿರುತ್ತದೆ. ನ್ಯೂಟನ್ ಮರೆಸಲಿಲ್ಲ, ತಿರುಪಿನ ವಿಷಯವನ್ನು ಹವೆಯ ವಿಷಯದಷ್ಟೇ ಸಲೀಸಾಗಿ ಬರೆದಿಟ್ಟ. ಇನ್ನು ಕಾಲದ ಮಾತು. ಅದೇ ಕಾಲದಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಜಾನ್ ವುಲ್‌ಮನ್ ಎಂಬ ಕ್ವೇಕರ್ ಪಂಥದವನಿದ್ದ. ನ್ಯೂಟನ್‌ಗಿಂತ ಐದು ವರ್ಷ ದೊಡ್ಡವನು, ದರ್ಜಿ. ಎಳೆಯ ವಯಸ್ಸಿನಲ್ಲಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದಾಗ ಯಜಮಾನ ಅವನಿಗೆ ಒಬ್ಬ ಕಪ್ಪು ಹೆಂಗಸಿನ ಕ್ರಯಪತ್ರ ಬರೆಯಲು ಹೇಳಿದ. ಕೊಳ್ಳುವವನು ಕಾಯುತ್ತಿದ್ದ. ವುಲ್‌ಮನ್ ಬರೆದ. ಬರೆಯುವಾಗಲೇ ಮನಸ್ಸು ಕುಂದಿ, ಇದು ನಮ್ಮ ಧರ್ಮಕ್ಕೆ ಒಪ್ಪುವ ಕೆಲಸವಲ್ಲ ಎಂದು ಇಬ್ಬರ ಎದುರೂ ಹೇಳಿದ. ಆಮೇಲೆ ಅಂಥ ಪತ್ರ ಬರೆಯಲು ಒಪ್ಪದಾದ. ಊರೂರು ನಡೆದು ಗುಲಾಮರನ್ನಿಟ್ಟುಕೊಂಡವರ ಮನೆಯಲ್ಲಿ ಕೂತು ಮೆಲ್ಲಗೆ ಮಾತಾಡಿದ. ಅಂಥವರ ಮನೆಯಲ್ಲಿ ಉಂಡರೆ, ಬಡಿಸಿದ ಗುಲಾಮರಿಗೆ ಕೂಲಿ ಕೊಟ್ಟು ಬರುತ್ತಿದ್ದ. ಆತಿಥ್ಯಕ್ಕೆ ದುಡ್ಡು ಕೊಟ್ಟರೆ ಮನೆಯ ಯಜಮಾನನಿಗೆ ಎಷ್ಟು ಮುಜುಗರ ಆಗಿರಬೇಕು! 1758ರ ಹೊತ್ತಿಗೆ ಫಿಲಡೆಲ್ಫಿಯಾದ ಕ್ವೇಕರ್ ಸಭೆ ಗುಲಾಮರನ್ನಿಟ್ಟುಕೊಳ್ಳುವುದರ ವಿರುದ್ಧ ಹೆಜ್ಜೆಯಿಟ್ಟಿತು. ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿ 1774ರಲ್ಲೇ ಗುಲಾಮಗಿರಿಯನ್ನು ಖಂಡಿಸಿ ಪುಸ್ತಿಕೆ ಬರೆದ. ಕಾಲ ಎಲ್ಲರಿಗೂ ಒಂದೇ ಆಗಿತ್ತು. ಕೆಲವರಿಗೆ ಕಂಡಿತು.

ಇದನ್ನೆಲ್ಲ ಓದುವಾಗ ನನಗೆ ನೆನಪಾದದ್ದು ನಮ್ಮ ಮನೆಯ ಹಟ್ಟಿಯ ಗೋಡೆ.

ಅಜ್ಜ ತಿಂಗಳ ಮೊದಲ ಶುಕ್ರವಾರ ತಪ್ಪಿಸಿದವರಲ್ಲ. ಬೆಳಗಿನ ಕತ್ತಲಲ್ಲೆದ್ದು ಹೊಟ್ಟೆ ಖಾಲಿ ಇಟ್ಟುಕೊಂಡು ಇಗರ್ಜಿಗೆ ನಡೆದು, ಕುಮ್ಸಾರ್ ಮಾಡಿ, ಪೂಜೆ ಕೇಳಿ ಬರುತ್ತಿದ್ದರು. ಸಂಜೆ ಏಳಕ್ಕೆ ತೇರ್ಸ್, ಅಂದರೆ ಜಪಮಾಲೆ. ಮನೆಯಲ್ಲಿ ಯಾರಿಗೂ ಅದರಿಂದ ರಿಯಾಯಿತಿ ಇರಲಿಲ್ಲ. ಸುಳ್ಳು ಹೇಳಿದವರಲ್ಲ, ಸಾರಾಯಿ ಮುಟ್ಟಿದವರಲ್ಲ. ತೂಕದಲ್ಲಿ ಯಾರಿಗೂ ಮೋಸ ಮಾಡಿದವರಲ್ಲ. ನನಗೆ ಓದುವ ಹುಚ್ಚು ಹಿಡಿಸಿದವರೂ ಅವರೇ. ಹಟ್ಟಿಯ ಹೊರಗೋಡೆಯ ಸಂದಿಯಲ್ಲಿ ಒಂದು ಗೆರಟೆ ಕವುಚಿಟ್ಟಿರುತ್ತಿತ್ತು. ತಲೆಮಾರಿನಿಂದ ನಮ್ಮ ತೋಟದಲ್ಲಿ ದುಡಿಯುತ್ತಿದ್ದ ಕುಟುಂಬದ ಹಿರಿಯರಿಗೆ ಚಹಾ ಅದರಲ್ಲಿ. ಅವರೇ ಅದನ್ನು ತೆಗೆದು ಹಿಡಿಯಬೇಕು, ಮೇಲಿನಿಂದ ಹೊಯ್ಯುತ್ತಿದ್ದರು, ಕುಡಿದು ತೊಳೆದು ಮತ್ತೆ ಸಂದಿಗೆ ಸಿಕ್ಕಿಸಬೇಕು. ಗಂಜಿ ಅಡಿಕೆಯ ಹಾಳೆಯಲ್ಲಿ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಮೊಮ್ಮಕ್ಕಳು ಈಗಲೂ ಅದೇ ಊರಲ್ಲಿದ್ದಾರೆ. ಅಜ್ಜನ ವಾರಿಗೆಯವರಾದ ಅವರನ್ನು ಮನೆಯ ಮಕ್ಕಳು ಕೂಡ ಏಕವಚನದಲ್ಲೇ ಕರೆಯುತ್ತಿದ್ದದ್ದು ವಾಡಿಕೆ. ನೆರೆಯ ಹಿಂದೂ ಮನೆಗಳಲ್ಲಿ ಹೇಗೋ ಕ್ರೈಸ್ತರಾದ ನಮ್ಮಲ್ಲೂ ಹಾಗೇ. ಮತಾಂತರವಾಗಿ ಎಷ್ಟೋ ತಲೆಮಾರು ಕಳೆದರೂ ಜಾತಿ ನಮ್ಮ ಜೊತೆ ಇಗರ್ಜಿಯ ಒಳಗೆ ಬಂದು ಕೂತಿದೆ. ಇದು ಗುಟ್ಟೇನಲ್ಲ.

ಅಜ್ಜ ಜಾಲರಿಯ ಮುಂದೆ ಏನು ಹೇಳುತ್ತಿದ್ದರೋ ನನಗೆ ಗೊತ್ತಿಲ್ಲ. ಅದು ಪಾದ್ರಿಗಳ ಎದೆಯಲ್ಲೇ ಉಳಿಯುವ ಮಾತು. ಆದರೆ ಮುಂದಿನ ಶನಿವಾರವೂ ಗೆರಟೆ ಅಲ್ಲೇ ಇರುತ್ತಿತ್ತು, ಅದರ ಮುಂದಿನ ತಿಂಗಳೂ. ಪೂಜೆಯಲ್ಲಿ ಎದೆ ಬಡಿದುಕೊಂಡು ಹೇಳುವ ಪ್ರಾರ್ಥನೆಯೊಂದಿದೆ. ಮನಸ್ಸಿನಿಂದ, ಮಾತಿನಿಂದ, ಕೃತಿಯಿಂದ ಮಾಡಿದ್ದಷ್ಟೇ ಅಲ್ಲ, ಮಾಡದೆ ಬಿಟ್ಟದ್ದನ್ನೂ ಒಪ್ಪಿಕೊಳ್ಳುವ ಪ್ರಾರ್ಥನೆ. ಅಜ್ಜನೂ ಎದೆ ಬಡಿದುಕೊಳ್ಳುತ್ತಿದ್ದರು.

ಮದುವೆಯಾಗಿ ಬಂದ ಅಮ್ಮ ನರ್ಸ್ ಆಗಿದ್ದವಳು. ಅವಳು ಬಂದ ಎರಡನೆಯ ವರ್ಷ ಆ ಹಿರಿಯರಿಗೆ ಸ್ಟೀಲ್ ಲೋಟದಲ್ಲಿ ಚಹಾ ಕೊಟ್ಟಳು. ಅಜ್ಜ ಒಂದು ವಾರ ಸುಮ್ಮನಿದ್ದು ಊಟದ ಹೊತ್ತಿಗೆ, ‘ಅವನಿಗೇ ಅದು ಬೇಡ, ಬೇಕಾದರೆ ಕೇಳಿ ನೋಡು’ ಅಂದರು. ಅಮ್ಮ ಕೇಳಿದಳು. ‘ಬಿಸಿಗೆ ಕೈ ಸುಡುತ್ತದೆ ಅಮ್ಮ’ ಎಂದು ಅವರು ನಕ್ಕು ಗೆರಟೆಯನ್ನೇ ತೆಗೆದರು. ಅಜ್ಜ ಗೆದ್ದರು. ಲೋಟ ಅಡುಗೆಮನೆಗೆ ವಾಪಸಾಯಿತು. ಕೆಲವು ವರ್ಷಗಳ ನಂತರ ಎಸ್ಸೆಸ್ಸೆಲ್ಸಿವರೆಗೆ ಓದಿದ್ದ ಅವರ ಮಗ ಒಂದು ದಿನ ಅಪ್ಪನನ್ನು ಕರೆಯಲು ಬಂದವನು, ಏನೂ ಮಾತಾಡದೆ ಸಂದಿಯಿಂದ ಗೆರಟೆ ತೆಗೆದು ಕಲ್ಲಿನ ಮೇಲಿಟ್ಟು ತುಳಿದ. ಚೂರುಗಳನ್ನು ಹೆಕ್ಕಿ ನಮ್ಮ ಬಚ್ಚಲ ಒಲೆಗೆ ಹಾಕಿದ. ಅಜ್ಜ ಜಗುಲಿಯಲ್ಲಿ ಕೂತು ನೋಡಿದರಂತೆ. ಆ ತಿಂಗಳ ಮೊದಲ ಶುಕ್ರವಾರವೂ ಇಗರ್ಜಿಗೆ ಹೋದರು.

ಕೊನೆಯ ವರ್ಷ ಅಜ್ಜ ಹಾಸಿಗೆ ಹಿಡಿದಾಗ ಅವರನ್ನು ಎತ್ತಿ ಕೂರಿಸುತ್ತಿದ್ದವರು ಅದೇ ಹಿರಿಯರು. ಮನೆಯಲ್ಲಿ ಅಷ್ಟು ತ್ರಾಣ ಇದ್ದ ಗಂಡಸು ಬೇರೆ ಯಾರಿರಲಿಲ್ಲ. ಗಂಜಿಯನ್ನು ಬಾಯಿಗಿಡುತ್ತಿದ್ದವರೂ ಅವರೇ. ಇದು ನನಗೆ ಅನಿವಾರ್ಯ ಅಂತಲೇ ತೋರುತ್ತದೆ. ಅಮ್ಮ ಒಪ್ಪುವುದಿಲ್ಲ. ‘ನೀನು ನೋಡಲಿಲ್ಲ, ನಾನು ನೋಡಿದ್ದೇನೆ. ಮಾವ ಅವರ ಕೈ ಹಿಡಿದುಕೊಂಡು ಬಿಡುತ್ತಿರಲಿಲ್ಲ’ ಎನ್ನುತ್ತಾಳೆ. ಕೈ ಹಿಡಿದದ್ದು ಬೀಳುವ ಭಯಕ್ಕೋ ಬೇರೇನಕ್ಕೋ ಎಂದು ನಾನು ಕೇಳಿದರೆ ಸಿಟ್ಟಾಗುತ್ತಾಳೆ. ನಮ್ಮಿಬ್ಬರ ನಡುವೆ ಈ ವಾದ ಇನ್ನೂ ಮುಗಿದಿಲ್ಲ.

ಒಳಗಿನ ನವೀಕರಣದ ಬಗ್ಗೆ ಬೈಬಲಿನಲ್ಲಿ ನನಗೆ ಮೆಚ್ಚಿಗೆಯಾಗುವವರು ಇಬ್ಬರು. ಒಬ್ಬ ರಾತ್ರಿ ಹೊತ್ತು ಗುಟ್ಟಾಗಿ ಯೇಸುವಿನ ಬಳಿ ಬಂದ ನಿಕೊದೇಮ. ಮತ್ತೆ ಹುಟ್ಟಬೇಕು ಎಂಬ ಮಾತು ಕೇಳಿ, ಮುದುಕನಾದವನು ತಾಯ ಗರ್ಭಕ್ಕೆ ಮರಳುವುದು ಹೇಗೆ ಎಂದು ಕೇಳಿದವನು. ಪೆದ್ದ ಪ್ರಶ್ನೆ ಎಂದು ನಗುತ್ತಾರೆ. ನನಗೆ ಅದು ಪ್ರಾಮಾಣಿಕ ಪ್ರಶ್ನೆ ಅನಿಸುತ್ತದೆ. ವಯಸ್ಸಾದ ಮೇಲೆ ಮನುಷ್ಯ ನಿಜವಾಗಿ ಬದಲಾಗುತ್ತಾನಾ? ಇನ್ನೊಬ್ಬ ಜಕ್ಕಾಯ, ಸುಂಕದವನು, ಕುಳ್ಳ. ಮರ ಹತ್ತಿ ಕೂತವನನ್ನು ಯೇಸು ಹೆಸರು ಹಿಡಿದು ಕೆಳಗಿಳಿಸಿ ಅವನ ಮನೆಗೆ ಊಟಕ್ಕೆ ಹೋಗುತ್ತಾನೆ. ಜಕ್ಕಾಯ ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕು ಪಾಲು ವಾಪಸ್ ಎನ್ನುತ್ತಾನೆ. ಅವನು ಅತ್ತ ಎಂದು ಕಥೆಯಲ್ಲಿಲ್ಲ. ಲೆಕ್ಕ ಇದೆ. ಹಿಟ್ಲರನ ಕಾಲದ ಜರ್ಮನಿಯಲ್ಲಿ ಬೊನ್‌ಹೋಫರ್ ಎಂಬ ಪಾದ್ರಿ 1937ರ ತನ್ನ ಪುಸ್ತಕದಲ್ಲಿ ಅಗ್ಗದ ಕೃಪೆ ಎಂದು ಬೈದದ್ದು ಈ ಲೆಕ್ಕವಿಲ್ಲದ ಕ್ಷಮೆಯನ್ನೇ. ಅವನನ್ನು 1945ರ ಏಪ್ರಿಲಿನಲ್ಲಿ ನಾಜಿಗಳು ಗಲ್ಲಿಗೇರಿಸಿದರು.

ನ್ಯೂಟನ್ ಯಾರಿಗೆ ವಾಪಸ್ ಕೊಡಬೇಕಿತ್ತು? ಸಂಖ್ಯೆಗಳಿಗೆ ವಿಳಾಸವಿಲ್ಲ. ಅವನ ಹತ್ತಿರ ಉಳಿದಿದ್ದದ್ದು ಕಂಡ ಸತ್ಯ ಮಾತ್ರ. 1788ರ ಪುಸ್ತಿಕೆಯಲ್ಲಿ ಅವನು ಅದನ್ನು ಕೊಟ್ಟ. ತನ್ನ ಈ ತಪ್ಪೊಪ್ಪಿಗೆ ತಡವಾಗಿ ಬಂದಿದೆ ಎಂದು ಅಲ್ಲಿ ತಾನೇ ಹೇಳುತ್ತಾನೆ. ಅದರಲ್ಲಿ ಒಂದು ಸಂಗತಿ ಬರುತ್ತದೆ. ಹಡಗಿನ ಮೇಟ್ ಒಬ್ಬ ದೋಣಿಯಲ್ಲಿ ಒಬ್ಬ ತಾಯಿಯನ್ನೂ ಅವಳ ಸುಮಾರು ಒಂದು ವರ್ಷದ ಮಗುವನ್ನೂ ಕೊಂಡು ತರುತ್ತಿದ್ದ. ರಾತ್ರಿ ಮಗು ಅತ್ತಿತು. ಅವನ ನಿದ್ದೆ ಕೆಟ್ಟಿತು. ಎದ್ದು ಮಗುವನ್ನು ತಾಯಿಯ ತೋಳಿನಿಂದ ಕಿತ್ತು ಸಮುದ್ರಕ್ಕೆ ಎಸೆದ. ತಾಯಿಯನ್ನು ಎಸೆಯಲಿಲ್ಲ, ಅವಳಿಗೆ ಬೆಲೆ ಬರುತ್ತಿತ್ತು. ಬೈಗುಳವನ್ನೂ ತೂಕಡಿಕೆಯನ್ನೂ ಪಾಪವೆಂದು ಎಣಿಸುತ್ತಿದ್ದ ಲೇಖನಿ ನಲವತ್ತು ವರ್ಷಗಳ ಮೇಲೆ ಆ ಮಗುವಿನ ಹತ್ತಿರ ಬಂದು ನಿಂತಿತು. ಅವನು ಸಂಸತ್ತಿನ ಸಮಿತಿಯ ಮುಂದೆಯೂ ಸಾಕ್ಷಿ ನುಡಿದ. ಅದಕ್ಕೂ ಮೊದಲು, 1785ರ ಕೊನೆಗೆ, ರಾಜಕೀಯ ಬಿಟ್ಟು ಪಾದ್ರಿಯಾಗಲೇ ಎಂದು ತೊಳಲುತ್ತ ಗುಟ್ಟಾಗಿ ಬಂದ ವಿಲ್ಬರ್‌ಫೋರ್ಸ್ ಎಂಬ ಯುವ ಸಂಸದನಿಗೆ, ಅಲ್ಲೇ ಇರು ಎಂದವನೂ ಅವನೇ.

ಆದರೆ ಈ ಕಥೆ ಅವನೊಬ್ಬನದೇ ಆದರೆ ಮತ್ತೆ ಅದೇ ಬಾಗು. ಪುಸ್ತಿಕೆ ಬಂದ ಮರುವರ್ಷ, 1789ರಲ್ಲಿ, ಒಲಾಡಾ ಇಕ್ವಿಯಾನೋ ತನ್ನ ಆತ್ಮಕಥೆ ಪ್ರಕಟಿಸಿದ. ಗುಲಾಮನಾಗಿ ಮಾರಾಟವಾದವನು, 1766ರಲ್ಲಿ ದುಡ್ಡು ಕೂಡಿಟ್ಟು ತನ್ನನ್ನು ತಾನೇ ಕೊಂಡುಕೊಂಡವನು, ತನ್ನನ್ನು ಮಾರಿದವರ ಧರ್ಮವನ್ನೇ ಒಪ್ಪಿ ಅದರ ಮಾತಿನಿಂದಲೇ ಅವರನ್ನು ಪ್ರಶ್ನಿಸಿದವನು. ನಮ್ಮ ಪ್ರವಚನಗಳಲ್ಲಿ ನ್ಯೂಟನ್ ಬರುತ್ತಾನೆ, ಇಕ್ವಿಯಾನೋ ಬರುವುದಿಲ್ಲ. ಗೆರಟೆ ತುಳಿದ ಹುಡುಗನೂ ನಮ್ಮ ಮನೆಯ ಕಥೆಗಳಲ್ಲಿ ಬರುತ್ತಿರಲಿಲ್ಲ. ಅಮ್ಮ ನನಗೆ ಅದನ್ನು ಹೇಳಿದ್ದು ಅಜ್ಜ ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ.

ಹಳೆಯ ಕನ್ನಡ ಬೈಬಲಿನಲ್ಲಿ ಪಶ್ಚಾತ್ತಾಪದ ಕರೆ ಬರುವ ಕಡೆ ‘ತಿರುಗಿಕೊಳ್ಳಿರಿ’ ಎಂಬ ಕ್ರಿಯಾಪದವಿದೆ. ಗ್ರೀಕಿನ ಮೂಲಶಬ್ದ ಮನಸ್ಸು ಬದಲಾಗುವುದನ್ನು ಹೇಳುತ್ತದೆ. ಅದರ ಹಿಂದಿನ ಹೀಬ್ರೂ ಶಬ್ದ ಮಾತ್ರ ದಾರಿಯಲ್ಲಿ ಹಿಂದಿರುಗುವುದನ್ನು. ಕನ್ನಡ ಹೀಬ್ರೂವಿನ ಕಡೆ ವಾಲಿದೆ. ಹಡಗು ತಿರುಗುವುದನ್ನು ಕಂಡವರಿಗೆ ಗೊತ್ತು, ಚುಕ್ಕಾಣಿ ತಿರುಗಿಸಿದ ಕೂಡಲೇ ಅದು ತಿರುಗುವುದಿಲ್ಲ. ಹಳೆಯ ದಿಕ್ಕಿನಲ್ಲೇ ಬಹಳ ದೂರ ಹೋಗುತ್ತದೆ. ನಾವಿಕನಾದ ನ್ಯೂಟನ್‌ಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. 1748ರ ಆ ದಿನದ ಬಗ್ಗೆ ಬರೆಯುವಾಗಲೇ, ತಾನು ಪೂರ್ಣ ಅರ್ಥದಲ್ಲಿ ವಿಶ್ವಾಸಿಯಾದದ್ದು ಅದಾಗಿ ಬಹಳ ಕಾಲದ ಮೇಲೆ ಎಂದು ಅವನು ಒಪ್ಪಿಕೊಂಡಿದ್ದಾನೆ. ಆ ಮಾತು ಪ್ರಕಟವಾದದ್ದು 1764ರಲ್ಲಿ. ಆಗಲೂ ಗುಲಾಮರ ವಿಷಯದಲ್ಲಿ ಅವನ ಮಾತು ಹೊರಡಲು ಇನ್ನೂ ಇಪ್ಪತ್ತನಾಲ್ಕು ವರ್ಷ ಬಾಕಿಯಿತ್ತು.

ಅವನ ದಿನಚರಿಯ ಕೊನೆಯ ನಮೂದು 1805ರ ಮಾರ್ಚ್ 21ರದ್ದು, ಬಿರುಗಾಳಿಯ ದಿನದ ಐವತ್ತೇಳನೆಯ ವರ್ಷ. ಆಗ ಅವನಿಗೆ ಎಪ್ಪತ್ತೊಂಬತ್ತು, ಕಣ್ಣು ಬಹುಮಟ್ಟಿಗೆ ಹೋಗಿತ್ತು. ಸರಿಯಾಗಿ ಬರೆಯಲಾಗುತ್ತಿಲ್ಲ, ಆದರೂ ಈ ದಿನವನ್ನು ಗುರುತು ಹಾಕುತ್ತೇನೆ ಎಂಬಷ್ಟನ್ನು ಬರೆದಿದ್ದಾನೆ. ಗುಲಾಮರ ವ್ಯಾಪಾರವನ್ನು ನಿಷೇಧಿಸುವ ಕಾಯ್ದೆಗೆ 1807ರ ಮಾರ್ಚ್ 25ರಂದು ಅಂಕಿತ ಬಿತ್ತು. ಆ ಡಿಸೆಂಬರಿನಲ್ಲಿ ನ್ಯೂಟನ್ ತೀರಿಕೊಂಡ. ವ್ಯಾಪಾರ ನಿಷೇಧವಾಯಿತೇ ಹೊರತು, ಈಗಾಗಲೇ ಕೊಂಡವರನ್ನು ಬಿಡಬೇಕೆಂಬ ಕಾನೂನು ಬ್ರಿಟಿಷ್ ಸಂಸತ್ತಿನಲ್ಲಿ ಪಾಸಾಗಲು 1833 ಬರಬೇಕಾಯಿತು. ಆಗ ಪರಿಹಾರದ ಹಣ ಮಂಜೂರಾಯಿತು. ಅದು ಹೋದದ್ದು ಮಾಲೀಕರಿಗೆ.